ಅರಸೀಕೆರೆ ಸೀಮೆಯ ಒಂದು ತೆಂಗಿನ ತೋಟ



ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆ ಎಂಬ ಮೂರು ಊರುಗಳ ಹೆಸರನ್ನು ನೀವು ಕೇಳಿಯೇ ಇದ್ದೀರಿ. ಬೇಲೂರಿನಲ್ಲಿ ೧೧೧೭ನೇ ಇಸವಿಯಲ್ಲಿ ವಿಷ್ಣುವರ್ಧನನೆಂಬ ಅರಸನು ಕಟ್ಟಿಸಿದ ಗುಡಿಯನ್ನೂ ಹಳೇಬೀಡಿನ ಗುಡಿಯನ್ನೂ ನೋಡುವದಕ್ಕೆ ದೂರ ದೇಶಗಳಿಂದ ಜನರು ಬರುತ್ತಾರೆ. ೨೦೨೩ನೇ ಇಸವಿಯಲ್ಲಿ ಯುನೆಸ್ಕೋ ಸಂಸ್ಥೆಯವರು ಇವುಗಳನ್ನು ಸೋಮನಾಥಪುರದ ಗುಡಿಯೊಡನೆ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸೇರಿಸಿದರು. ಆದರೆ ಬಂದವರಲ್ಲಿ ಬಹು ಜನರು ಕಲ್ಲಿನ ಕೆಲಸವನ್ನು ನೋಡಿ ತಿರುಗಿ ಹೋಗುವರೇ ಹೊರತು, ಆ ದಾರಿಯ ಎರಡು ಮಗ್ಗುಲಲ್ಲಿರುವ ಒಕ್ಕಲುಮಕ್ಕಳು ಏನು ಬೆಳೆಯುತ್ತಾರೆ, ಹೇಗೆ ಬಾಳುತ್ತಾರೆ ಎಂಬದನ್ನು ವಿಚಾರಿಸುವವರು ಕೊಂಚ. ಈ ತಿಂಗಳಿನ ಪಾಠದಲ್ಲಿ ನಾವು ಗುಡಿಯನ್ನು ಬಿಟ್ಟು ತೋಟವನ್ನು ನೋಡೋಣ.

ಬೇಲೂರಿನಿಂದ ಹಳೇಬೀಡಿಗೆ ಸುಮಾರು ೧೬ ಕಿಲೋಮೀಟರು. ಬೇಲೂರಿನ ಪಡುವಲಲ್ಲಿ ಮಲೆನಾಡಿನ ಮಳೆಯೂ ಕಾಫಿಯ ತೋಟಗಳೂ ಉಂಟು. ಮೂಡಲ ಕಡೆಗೆ ಬರುತ್ತಾ ಬರುತ್ತಾ ಮಳೆ ಕಡಿಮೆಯಾಗುವದು. ಹಳೇಬೀಡನ್ನು ದಾಟಿ, ಬಾಣಾವರದ ಮೇಲೆ ಅರಸೀಕೆರೆಗೆ ಸೇರುವಷ್ಟರಲ್ಲಿ ರಾಗಿ, ಹುರುಳಿ, ತೆಂಗು ಎಂಬ ಬಯಲುಸೀಮೆಯ ಬೆಳೆಗಳೇ ಕಾಣುವವು. ಹಳೇಬೀಡಿಗೆ ಹಿಂದೆ ದೋರಸಮುದ್ರವೆಂಬ ಹೆಸರಿತ್ತು. ಅಲ್ಲಿಯ ದೊಡ್ಡ ಕೆರೆಯನ್ನು ಇಂದಿಗೂ ನೋಡಬಹುದು. ಅರಸೀಕೆರೆಯ ಹೆಸರಿನಲ್ಲಿಯೂ ಕೆರೆಯುಂಟು. ನೀರನ್ನು ಕಟ್ಟಿ ನಿಲ್ಲಿಸದೆ ಈ ಸೀಮೆಯಲ್ಲಿ ಬಾಳಲಾಗದೆಂದು ಹಿಂದಿನವರು ತಿಳಿದಿದ್ದರೆಂಬದಕ್ಕೆ ಈ ಎರಡು ಹೆಸರುಗಳೇ ಸಾಕ್ಷಿ.

ನಾವು ನೋಡಹೋದದ್ದು ಅರಸೀಕೆರೆ ತಾಲ್ಲೂಕಿನ ಒಂದು ಮನೆತನದ ತೋಟ. ಯಾಕೆ ಹೋದೆವಂದರೆ, ಬರ ಬಂದ ವರುಷದಲ್ಲಿ ತೋಟವನ್ನು ಬಿಟ್ಟುಬಿಡಬೇಕೋ, ಸಾಲ ತಂದು ಇನ್ನೊಂದು ಕೊಳವೆ ಬಾವಿಯನ್ನು ಕೊರೆಸಬೇಕೋ, ಇಲ್ಲವೆ ಬೇರೆ ದಾರಿಯುಂಟೋ ಎಂಬ ಪ್ರಶ್ನೆ ನಮ್ಮ ಗ್ರಾಮಗಳ ಅನೇಕ ಮನೆಗಳಲ್ಲಿ ಹುಟ್ಟಿ, ಅಣ್ಣತಮ್ಮಂದಿರನ್ನು ಬೇರೆ ಮಾಡುತ್ತದೆ. ಈ ಮನೆಯವರಿಗೂ ಅದೇ ಪ್ರಶ್ನೆ ಬಂದಿತ್ತು.

ಮನೆಯೂ ತೋಟವೂ

ಈ ಮನೆಯಲ್ಲಿ ಒಬ್ಬ ಅಜ್ಜಿ, ಅವರ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಮೊಮ್ಮಕ್ಕಳು ಇದ್ದಾರೆ. ಕಾಯಿ ಕೀಳುವದಕ್ಕೆ ಹೊರತು ಕೂಲಿಯವರನ್ನು ಕರೆಯುವದಿಲ್ಲ. ತೋಟವನ್ನು ನೆಟ್ಟವರು ಅಜ್ಜಿಯ ಯಜಮಾನರು. ಅವರು ಈಗ ಇಲ್ಲ. ಮರದಿಂದ ಮರಕ್ಕೆ ೩೦ ಅಡಿ ಬಿಟ್ಟು ನೆಟ್ಟಿದ್ದಾರೆ. ಹೀಗೆ ನೆಟ್ಟರೆ ಒಂದು ಎಕರೆಗೆ ೪೮ ಮರಗಳು ಹಿಡಿಯುವವು. ಇವರ ಎರಡೂವರೆ ಎಕರೆಯಲ್ಲಿ ೧೨೦ ಮರಗಳಿದ್ದವು.

ತೋಟದೊಳಗೆ ಹೋದ ಕೂಡಲೆ ಅಜ್ಜಿಯು ಒಂದು ಮರದ ಮೇಲೆ ಕೈಯಿಟ್ಟು, "ಇದರ ನಡು ನೋಡಿ ಅಯ್ಯಾ, ಇಲ್ಲಿ ಬಡವಾಗಿದೆ" ಎಂದರು. ನೋಡಲಾಗಿ, ಕೆಳಗೂ ಮೇಲೂ ದಪ್ಪವಾಗಿದ್ದ ಕಾಂಡವು ಎರಡು ಮೊಳದಷ್ಟು ಉದ್ದ ಸಣ್ಣಗಾಗಿತ್ತು. ಪಕ್ಕದ ಮರಗಳಲ್ಲಿಯೂ ಹೆಚ್ಚು ಕಡಿಮೆ ಹಾಗೆಯೇ ಇತ್ತು. ಇದರ ಕಾರಣವನ್ನು ತಿಳಿಯತಕ್ಕದ್ದು. ಮಾವು, ಹಲಸು, ಹುಣಸೆ ಮುಂತಾದ ಮರಗಳು ವರುಷ ವರುಷಕ್ಕೆ ದಪ್ಪವಾಗುತ್ತಾ ಹೋಗುವವು. ತೆಂಗು ಹಾಗಲ್ಲ, ಸುಳಿಯ ಕೆಳಗೆ ಕಾಂಡವು ಯಾವ ಗಾತ್ರದಲ್ಲಿ ಹುಟ್ಟಿತೋ ಕಡೆಯ ವರೆಗೂ ಅದೇ ಗಾತ್ರದಲ್ಲಿ ನಿಲ್ಲುವದು. ಆದಕಾರಣ ಒಳ್ಳೇ ವರುಷದ ಕಾಂಡವು ದಪ್ಪವಾಗಿಯೂ ಬರಗಾಲದ ಕಾಂಡವು ಬಡವಾಗಿಯೂ ಉಳಿಯುತ್ತದೆ. ಉದುರಿದ ಪ್ರತಿಯೊಂದು ಗರಿಯೂ ಕಾಂಡದ ಮೇಲೆ ಒಂದು ಗುರುತನ್ನು ಬಿಡುತ್ತದೆ. ವರುಷಕ್ಕೆ ಸುಮಾರು ೧೨ ಗರಿಗಳು ಹುಟ್ಟುವದರಿಂದ ಈ ಗುರುತುಗಳನ್ನು ಎಣಿಸಿ, ಬರವು ಎಷ್ಟು ವರುಷದ ಹಿಂದೆ ಬಂದಿತೆಂದು ಸುಮಾರಾಗಿ ಹೇಳಬಹುದು. ಓದು ಬಾರದ ಅಜ್ಜಿಯು ಈ ಲೆಕ್ಕವನ್ನು ತಪ್ಪದೆ ಓದುತ್ತಿದ್ದರು.

ಮರದ ಲೆಕ್ಕ

ಲೋಕದ ಕೆಲವು ಸೀಮೆಗಳಲ್ಲಿ ಪಟ್ಟಣದವರು ಮಕ್ಕಳನ್ನು ಕರಕೊಂಡು ಒಕ್ಕಲು ಮನೆತನದವರ ಸ್ಟ್ರಾಬೆರಿ ಹೊಲಗಳಿಗೆ ಹೋಗಿ, ತಾವೇ ಹಣ್ಣು ಬಿಡಿಸಿ, ತೂಗಿಸಿ, ಹಣ ಕೊಟ್ಟು ಬರುವ ವಾಡಿಕೆಯುಂಟು. ನೆರೆಯ ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿಯೂ ಆ ಬೆಳೆ ಹೇರಳವಾಗಿದೆ. ಮಳೆಗಾಲ ಮುಗಿಯುವಾಗ ನೆಟ್ಟ ಆ ಗಿಡವು ಚಳಿಗಾಲದಲ್ಲಿಯೇ ಹಣ್ಣು ಕೊಡುವದು. ಒಂದು ವರುಷ ಕೆಟ್ಟರೆ ಮುಂದಿನ ವರುಷ ಹೊಸದಾಗಿ ನೆಟ್ಟು ನೋಡಬಹುದು. ತೆಂಗಿನ ಒಕ್ಕಲಿಗನಿಗೆ ಅಂಥ ಅನುಕೂಲವಿಲ್ಲ. ನಮ್ಮ ಬಯಲುಸೀಮೆಯ ಎತ್ತರದ ಜಾತಿಯ ತೆಂಗು ಫಲಕ್ಕೆ ಬರುವದಕ್ಕೆ ೬ ಅಥವಾ ೭ ವರುಷ ಬೇಕು. ಫಲಕ್ಕೆ ಬಂದ ಮೇಲೆಯೂ ಅದರ ಲೆಕ್ಕ ಬಹು ನಿಧಾನ. ಹೇಗಂದರೆ:

ಪ್ರತಿಯೊಂದು ಗರಿಯ ಕಂಕುಳಲ್ಲಿ ಒಂದೊಂದು ಹೊಂಬಾಳೆ ಬರುವದೆಂದು ಎಲ್ಲರೂ ಬಲ್ಲರು. ಆದರೆ ಆ ಹೊಂಬಾಳೆಯು ಒಡೆದು ಹೊರಗೆ ಕಾಣುವದಕ್ಕೆ ಸುಮಾರು ೩೨ ತಿಂಗಳ ಮುಂಚೆಯೇ ಅದರ ಮೊಳಕೆಯು ಸುಳಿಯೊಳಗೆ ಹುಟ್ಟಿರುತ್ತದೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯುವದಕ್ಕೆ ಸುಮಾರು ೧೨ ತಿಂಗಳು. ಇಲ್ಲಿಗೆ ೪೪ ತಿಂಗಳಾಯಿತು. ಅರಸೀಕೆರೆ ತಿಪಟೂರು ಸೀಮೆಯವರು ಕಾಯಿಯನ್ನು ಕಿತ್ತ ಕೂಡಲೆ ಮಾರದೆ, ಮಟ್ಟೆ ಸುಲಿಯದೆ ಅಟ್ಟದ ಮೇಲೆ ಹಾಕಿ, ೮ ರಿಂದ ೧೨ ತಿಂಗಳು ಇಡುವರು. ಒಳಗಿನ ನೀರೆಲ್ಲಾ ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡನೆ ಸದ್ದಾಗುವಾಗ ಇಳಿಸಿ, ಮಟ್ಟೆ ಸುಲಿದು, ಕರಟವನ್ನು ಜೋಕೆಯಾಗಿ ಒಡೆದರೆ ಉಂಡೆ ಕೊಬ್ಬರಿ ಸಿಕ್ಕುವದು. ಹೀಗೆ ಎಲ್ಲವನ್ನೂ ಕೂಡಿಸಿದರೆ, ಇಂದು ಸಂತೆಗೆ ಹೋಗುವ ಒಂದು ಉಂಡೆ ಕೊಬ್ಬರಿಯ ಹುಟ್ಟು ಸುಮಾರು ನಾಲ್ಕೂವರೆ ವರುಷಗಳ ಹಿಂದೆ ಆಯಿತು.

ಇದರಿಂದ ತಿಳಿಯುವದೇನು? ಬರ ಬಂದ ವರುಷ ಮರದಲ್ಲಿ ಕಾಯಿ ಇದ್ದರೆ, "ನಮ್ಮ ಮರ ತಾಳಿಕೊಂಡಿತು" ಎಂದು ಒಕ್ಕಲಿಗನು ಸುಮ್ಮನಿರುತ್ತಾನೆ. ಆದರೆ ಆ ಕಾಯಿಗಳು ಹಿಂದಿನ ಒಳ್ಳೇ ವರುಷಗಳ ಫಲ. ಬರದ ಪೆಟ್ಟು ಸುಳಿಯೊಳಗಿನ ಎಳೆಯ ಮೊಳಕೆಗೂ ಆಗ ತಾನೇ ಒಡೆದ ಹೊಂಬಾಳೆಯ ಹರಳುಗಳಿಗೂ ತಗಲಿರುತ್ತದೆ. ಮೂರನೆಯ ವರುಷ ಮಳೆ ಚೆನ್ನಾಗಿ ಬಂದಾಗ ಗೊನೆಗಳು ಬರಿದಾಗಿರುವದನ್ನು ಕಂಡು, "ಮಳೆ ಬಂದರೂ ಫಲವಿಲ್ಲ, ಈ ಮರಗಳಿಂದ ಪ್ರಯೋಜನವಿಲ್ಲ" ಎಂದು ಕೊಡಲಿ ಹಾಕುವವರುಂಟು. ಅವರು ಕಡಿಯುವದು ಮುಂದೆ ಚೇತರಿಸಬಹುದಾಗಿದ್ದ ಮರವನ್ನೇ.

೨೦೨೩ನೇ ಇಸವಿಯ ಬರ

೧೯೦೧ನೇ ಇಸವಿಯಿಂದ ಇಟ್ಟ ಮಳೆಯ ಲೆಕ್ಕದಲ್ಲಿ, ಭಾರತ ದೇಶಕ್ಕೆ ೨೦೨೩ರಷ್ಟು ಒಣಗಿದ ಆಗಸ್ಟ್ ತಿಂಗಳು ಮತ್ತೊಂದಿರಲಿಲ್ಲ. ಆ ವರುಷ ಕರ್ನಾಟಕದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರಕಾರವು ಪ್ರಕಟಿಸಿತು. ಅದೇ ವರುಷ ಉಂಡೆ ಕೊಬ್ಬರಿಗೆ ಕೇಂದ್ರ ಸರಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ ೧೧,೭೫೦ ರೂಪಾಯಿ ಎಂದಿದ್ದರೂ, ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಬೇಕಾಯಿತು. ನೀರೂ ಇಲ್ಲ, ಬೆಲೆಯೂ ಇಲ್ಲ. ಒಕ್ಕಲಿಗನಿಗೆ ಇದಕ್ಕಿಂತ ಇಕ್ಕಟ್ಟು ಯಾವದು?

ಈ ಮನೆಯಲ್ಲಿ ಒಂದು ಕೊಳವೆ ಬಾವಿಯುಂಟು. ಆ ಬೇಸಿಗೆಯಲ್ಲಿ ಅದು ದಿನಕ್ಕೆ ಒಂದು ಗಳಿಗೆ ಮಾತ್ರ ನೀರು ಕೊಡುತ್ತಿತ್ತು. ತಮ್ಮನು, "ಸಾಲ ತರೋಣ ಅಣ್ಣಾ, ಇನ್ನೊಂದು ಕೊರೆಸೋಣ, ಅಪ್ಪ ನೆಟ್ಟ ಮರ ಕಣ್ಣೆದುರಿಗೆ ಸಾಯುವದನ್ನು ಹೇಗೆ ನೋಡುವದು?" ಎಂದನು. ಅಣ್ಣನು, "ನೀರು ಸಿಕ್ಕದಿದ್ದರೆ ಮರವೂ ಹೋಗಿ ಹೊಲವೂ ಹೋದೀತು" ಎಂದನು. ಹಲವು ದಿನ ಒಬ್ಬರೊಡನೊಬ್ಬರು ಮಾತಾಡಲಿಲ್ಲವೆಂದು ಹಿರಿಯ ಸೊಸೆಯೇ ನಮಗೆ ಹೇಳಿದರು. ಕಡೆಗೆ ಅಜ್ಜಿಯು ಇಬ್ಬರನ್ನೂ ಕೂರಿಸಿ, "ಇರುವ ನೀರು ಎಷ್ಟು ಮರಕ್ಕೆ ಸಾಕೋ ಅಷ್ಟನ್ನು ಎಣಿಸಿರಿ" ಎಂದರಂತೆ. ಎಣಿಸಿದಾಗ ೮೦ ಮರಗಳಾದವು. ಮೇಲುಗಡೆಯ ಕಲ್ಲುನೆಲದ ೪೦ ಮರಗಳಿಗೆ ನೀರು ನಿಲ್ಲಿಸಿದರು. ಅವುಗಳಲ್ಲಿ ೨೬ ಮರಗಳು ಒಣಗಿದವು. ತಲೆಯಿಲ್ಲದ ಬೋಳು ಕಂಬಗಳನ್ನು ನಾವೇ ನೋಡಿದೆವು. ಅವುಗಳ ಹತ್ತಿರ ನಿಂತಾಗ ತಮ್ಮನು ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡನು. ಉಳಿದ ೧೪ ಮರಗಳು ಮುಂದಿನ ಮಳೆಗೆ ಚಿಗುರಿಕೊಂಡವು.

೮೦ ಮರಗಳನ್ನು ಹೇಗೆ ಉಳಿಸಿದರೆಂಬದೇ ನಮ್ಮ ವಾಚಕರು ಮುಖ್ಯವಾಗಿ ಕಲಿಯತಕ್ಕದ್ದು.

ಮೊದಲನೆಯದು, ನೀರನ್ನು ಬೇರಿರುವ ಕಡೆಗೆ ಮಾತ್ರ ಕೊಟ್ಟರು. ತೆಂಗಿಗೆ ತಾಯಿಬೇರಿಲ್ಲ. ಬುಡದಿಂದ ಸಾವಿರಾರು ಬೇರುಗಳು ಹೊರಟರೂ ಅವುಗಳಲ್ಲಿ ಹೆಚ್ಚಿನವು ಸುತ್ತಲಿನ ಆರು ಅಡಿಯೊಳಗೆ ಇರುವವು. ಕಾಲುವೆಯಲ್ಲಿ ಹರಿಸಿದ ನೀರು ದಾರಿಯಲ್ಲಿಯೇ ಇಂಗಿಹೋಗುವದು. ಹನಿ ನೀರಾವರಿಯಿಂದ ಪಾತಿಯೊಳಗೆ ಕೊಟ್ಟ ನೀರು ಬೇರಿಗೆ ಸಿಕ್ಕುವದು.

ಎರಡನೆಯದು, ಮಟ್ಟೆಯನ್ನು ಸುಡದೆ ಹೂತರು. ಬುಡದಿಂದ ಸುಮಾರು ಆರು ಅಡಿ ದೂರದಲ್ಲಿ ಸುತ್ತಲೂ ಒಂದೂವರೆ ಅಡಿ ಆಳದ ಗುಂಡಿ ತೆಗೆದು, ಮಟ್ಟೆಯ ಬೋಗುಣಿಯಂಥ ಒಳಮುಖವು ಮೇಲಕ್ಕೆ ಬರುವಂತೆ ಸಾಲಾಗಿಟ್ಟು, ಮೇಲೆ ಮಣ್ಣೆಳೆದರು. ಮಳೆಗಾಲದ ಆರಂಭದಲ್ಲಿ ಹೀಗೆ ಮಾಡಿದರೆ ನಾರು ನೀರನ್ನು ಹೀರಿಕೊಂಡು ಬೇಸಿಗೆಯಲ್ಲಿ ಮೆಲ್ಲಮೆಲ್ಲಗೆ ಬಿಡುವದು. ಒಮ್ಮೆ ಹೂತ ಮಟ್ಟೆಯು ಐದಾರು ವರುಷ ಉಪಯೋಗಕ್ಕೆ ಬರುವದು.

ಮೂರನೆಯದು, ಪಾತಿಯನ್ನು ಬರಿದಾಗಿ ಬಿಡಲಿಲ್ಲ. ಉದುರಿದ ಗರಿಗಳನ್ನು ಕಡಿದು ಬಿಸಿಲಿಗೆ ಮುಚ್ಚಿಗೆಯಾಗಿ ಹಾಸಿದರು. ಮಳೆ ಬಂದಾಗ ಸಾಲುಗಳ ನಡುವೆ ಹುರುಳಿಯನ್ನು ಚೆಲ್ಲಿ, ಹೂ ಬರುವಾಗ ಮಣ್ಣಿಗೆ ಸೇರಿಸಿದರು.

ನಾಲ್ಕನೆಯದು, ಕಾಂಡಕ್ಕೆ ಗಾಯ ಮಾಡಲಿಲ್ಲ. ಹತ್ತುವದಕ್ಕೆ ಅನುಕೂಲವೆಂದು ಮರದಲ್ಲಿ ಮೆಟ್ಟಿಲು ಕಡಿಯುವ ಕೆಟ್ಟ ವಾಡಿಕೆ ಕೆಲವು ಕಡೆಗಳಲ್ಲಿ ಉಂಟು. ಮಾವಿನ ಮರದ ಗಾಯವು ತೊಗಟೆ ಬೆಳೆದು ಮುಚ್ಚಿಕೊಳ್ಳುವದು. ತೆಂಗಿನ ಗಾಯವು ಎಂದಿಗೂ ಮುಚ್ಚಿಕೊಳ್ಳದೆ ರೋಗಕ್ಕೂ ಹುಳಕ್ಕೂ ಬಾಗಿಲಾಗುವದು.

ಇವೆಲ್ಲಾ ಈ ಮನೆಯವರು ತಾವಾಗಿ ಕಂಡುಹಿಡಿದ ಸಂಗತಿಗಳಲ್ಲ. ಕನ್ನಡ ಮಾತಾಡುವವರು ಬಹಳವಾಗಿರುವ ಕಾಸರಗೋಡಿನಲ್ಲಿ ೧೯೧೬ನೇ ಇಸವಿಯಲ್ಲಿ ತೆಂಗಿನ ಸಂಶೋಧನಾ ಕೇಂದ್ರವು ಆರಂಭವಾಯಿತು. ಅರಸೀಕೆರೆಯಲ್ಲಿಯೂ ತೆಂಗಿನ ವಿಷಯದಲ್ಲಿ ಪರೀಕ್ಷೆಗಳನ್ನು ನಡಿಸುವ ತೋಟಗಾರಿಕಾ ಸಂಶೋಧನಾ ಕೇಂದ್ರವುಂಟು. ಹಿರಿಯ ಮಗನು ಅಂಥಲ್ಲಿಗೆ ಹೋಗಿ, ಕೇಳಿ, ಬಂದು ಮಾಡಿದ್ದನು. ನಮ್ಮವರಲ್ಲಿ ಅನೇಕರು ಇಂಥ ಸ್ಥಳಗಳು ದೊಡ್ಡ ರೈತರಿಗೆ ಮಾತ್ರವೆಂದು ಎಣಿಸಿ ಬಾಗಿಲಿಗೂ ಹೋಗುವದಿಲ್ಲ. ಹತ್ತು ಮರಗಳಿರುವವನೂ ಹೋಗಿ ಕೇಳಬಹುದು. ಒಣಗಿದ ಗರಿಯನ್ನೋ ಕೆಟ್ಟ ಕಾಯಿಯನ್ನೋ ಕೈಯಲ್ಲಿ ಹಿಡುಕೊಂಡು ಹೋದರೆ ಇನ್ನೂ ಒಳ್ಳೇದು.

ತರುವಾಯ ಆದದ್ದು

೨೦೨೫ನೇ ಇಸವಿಯಲ್ಲಿ ಕೊಬ್ಬರಿಯ ಬೆಲೆಯು ಯಾರೂ ನೆನಸದಷ್ಟು ಏರಿತು. ಆ ವರುಷದ ಬೆಂಬಲ ಬೆಲೆ ಕ್ವಿಂಟಾಲಿಗೆ ೧೨,೧೦೦ ರೂಪಾಯಿ. ತಿಪಟೂರಿನ ಮಾರುಕಟ್ಟೆಯಲ್ಲಿಯೋ ಅದರ ಎರಡರಷ್ಟಕ್ಕೂ ಮೀರಿ ನಡೆಯಿತು. ಕಾಯಿಯ ಕೊರತೆಯು ಇದರ ಒಂದು ಕಾರಣ. ಬೆಲೆ ಬಿದ್ದಾಗ ಬೇಸತ್ತು ತೋಟವನ್ನು ಕೈಬಿಟ್ಟವರಿಗೆ, ಬೆಲೆ ಬಂದಾಗ ಮಾರುವದಕ್ಕೆ ಏನೂ ಇರಲಿಲ್ಲ. ಈ ಮನೆಯವರ ಅಟ್ಟದಲ್ಲಿ ಕಾಯಿ ಹಿಂದಿನಷ್ಟು ಇರಲಿಲ್ಲವಾದರೂ ಇತ್ತು. ಅವರು ಹಳೇ ಕೈಸಾಲವನ್ನು ತೀರಿಸಿದರು. ಉಳಿದದ್ದರಲ್ಲಿ ಹೊಲದ ತಗ್ಗಿನಲ್ಲಿ ಒಂದು ಕೃಷಿ ಹೊಂಡವನ್ನು ತೆಗೆಸಿದರು. ಮೇಲುಗಡೆಯ ಬದುಗಳನ್ನು ಎತ್ತರಿಸಿ, ಅಲ್ಲಿಂದ ಹರಿದು ಹೋಗುತ್ತಿದ್ದ ಮಳೆನೀರು ಹೊಂಡಕ್ಕೆ ಬರುವಂತೆ ಮಾಡಿದ್ದಾರೆ.

ಆದರೂ ಅವರ ಕಷ್ಟವು ತೀರಿತೆಂದು ವಾಚಕರು ಎಣಿಸಬಾರದು. ೨೦೨೩ರ ಆಗಸ್ಟ್ ತಿಂಗಳಲ್ಲಿ ಸುಳಿಯೊಳಗೆ ಹುಟ್ಟಿದ ಹೊಂಬಾಳೆಯು ಹೊರಗೆ ಕಾಣುವದು ೨೦೨೬ರ ಏಪ್ರಿಲ್ ಸುಮಾರಿಗೆ. ಅದರ ಕಾಯಿ ಬಲಿಯುವದು ೨೦೨೭ರಲ್ಲಿ. ಬರದ ಕಡೆಯ ಕಂತನ್ನು ಮರಗಳು ಅಷ್ಟು ತಡವಾಗಿ ತೀರಿಸುವವು. "ಹಾಗಾದರೆ ಈಗ ಹೂತ ಮಟ್ಟೆಯ ಫಲ ಯಾವಾಗ?" ಎಂದು ನಾವು ಕೇಳಿದ್ದಕ್ಕೆ ತಮ್ಮನು ಬೆರಳೆಣಿಸಿ, "ನಮ್ಮ ಚಿಕ್ಕ ಹುಡುಗಿ ಹೈಸ್ಕೂಲಿಗೆ ಹೋಗುವಾಗ" ಎಂದು ಹೇಳಿದನು. ಒಣಗಿದ ೨೬ ಮರಗಳ ಸ್ಥಳದಲ್ಲಿ ಅವನು ತೆಂಗನ್ನು ತಿರುಗಿ ನೆಟ್ಟಿಲ್ಲ. ಅದು ಕಲ್ಲುನೆಲವಾದದರಿಂದ ಬದುವಿಗೆ ಹೊಂಗೆಯನ್ನೂ ನಡುವೆ ಹುರುಳಿಯನ್ನೂ ಹಾಕಿದ್ದಾನೆ.

ಆದಕಾರಣ ಪ್ರಿಯರೇ, ನಿಮ್ಮ ಹಿತ್ತಲಿನಲ್ಲಿ ಮೂರೇ ತೆಂಗಿನ ಮರಗಳಿದ್ದರೂ, ಈ ವರುಷದ ಗೊನೆಯನ್ನು ನೋಡಿ ಮರದ ಮೇಲೆ ತೀರ್ಪು ಹೇಳಬೇಡಿರಿ. ಮೂರು ವರುಷದ ಹಿಂದೆ ಮಳೆ ಹೇಗಿತ್ತು, ನೀವು ಗೊಬ್ಬರ ನೀರು ಎಷ್ಟು ಕೊಟ್ಟಿರಿ ಎಂಬದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಅದನ್ನು ತೆರೆದು ನೋಡಿದ ಮೇಲೆ ಕೊಡಲಿಯ ಮಾತನ್ನು ಎತ್ತಿರಿ. ನೀರು ಸಾಲದ ವರುಷ ಎಲ್ಲವನ್ನೂ ಉಳಿಸಹೋಗಿ ಎಲ್ಲವನ್ನೂ ಕಳಕೊಳ್ಳುವದಕ್ಕಿಂತ, ಮನೆಯವರೆಲ್ಲರು ಕೂಡಿ ಕುಳಿತು, ಎಷ್ಟನ್ನು ಉಳಿಸಬಹುದೆಂದು ಎಣಿಸುವದು ಲೇಸು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ತೆಂಗಿನ ಕಾಂಡವು ಒಂದು ಕಡೆಯಲ್ಲಿ ಬಡವಾಗಿದ್ದರೆ ಅದರಿಂದ ಏನು ತಿಳಿಯುವದು? ಆ ಭಾಗವು ಮುಂದೆ ಯಾಕೆ ದಪ್ಪವಾಗುವದಿಲ್ಲ?

೨. ಹೊಂಬಾಳೆಯ ಮೊಳಕೆಯಿಂದ ಉಂಡೆ ಕೊಬ್ಬರಿಯ ವರೆಗೆ ಎಷ್ಟು ತಿಂಗಳು? ಲೆಕ್ಕವನ್ನು ಮಕ್ಕಳಿಂದ ಮಾಡಿಸಿರಿ.

೩. ಮಟ್ಟೆಯನ್ನು ಒಲೆಗೆ ಹಾಕುವದರಿಂದ ಆಗುವ ಲಾಭವೇನು, ಹೂಳುವದರಿಂದ ಆಗುವ ಲಾಭವೇನು?

೪. ನಿಮ್ಮ ಊರಿನ ಕೆರೆಯ ಸ್ಥಿತಿ ಹೇಗಿದೆ? ಅದರ ಹೂಳನ್ನು ಕಡೆಯದಾಗಿ ತೆಗೆದದ್ದು ಯಾವ ವರುಷದಲ್ಲಿ?

೫. ಆ ಅಣ್ಣತಮ್ಮಂದಿರಲ್ಲಿ ಯಾರ ಮಾತು ನ್ಯಾಯವಾಗಿ ತೋರುತ್ತದೆ? ನಿಮ್ಮ ಮನೆಯಲ್ಲಿ ಅಂಥ ಪ್ರಶ್ನೆ ಬಂದರೆ ಯಾರನ್ನು ಕೇಳುವಿರಿ?