ಅಂಗಳದಲ್ಲಿ ನಿಂತ ಅಣ್ಣ

ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಬರುವ ದುಂದುಗಾರ ಮಗನ ಸಾಮತಿ ನಮಗೆಲ್ಲ ಬಾಯಿಪಾಠ. ಆದರೆ ಹಿರಿಯ ಮಗನ ಸಿಟ್ಟು ಎಲ್ಲಿಂದ ಶುರುವಾಯಿತು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹೊಲದಿಂದ ಬರುತ್ತಿದ್ದವನ ಕಿವಿಗೆ ಮೊದಲು ಬಿದ್ದದ್ದು ತಮ್ಮನ ಸುದ್ದಿಯಲ್ಲ, ಹಾಡು ಕುಣಿತದ ಸದ್ದು. ಒಳಗೆ ಹೋಗಿ ನೋಡಲಿಲ್ಲ. ಆಳೊಬ್ಬನನ್ನು ಕರೆದು ವಿಚಾರಿಸಿ, ಹೊರಗೇ ನಿಂತುಬಿಟ್ಟ.

ನಮ್ಮ ಮನೆಗಳಿಗೂ ಅಂಥ ಅಂಗಳವಿದೆ. ಸಂಜೆಯ ಜಪಸರ ಮುಗಿಯುತ್ತಲೇ ಮಗ ಮೊಬೈಲ್ ಹಿಡಿದು ಮೂಲೆ ಸೇರುತ್ತಾನೆ. "ಅದೆಂಥ ಹಾಡೋ, ತಗಡು ಬಡಿದ ಹಾಗೆ!" ಎನ್ನುತ್ತಾರೆ ಅಪ್ಪ. ಅಲ್ಲಿಗೆ ನಿಂತರೆ ಅಡ್ಡಿಯಿಲ್ಲ. ಆದರೆ ಮಾತು ಬೆಳೆದು "ಇಂಥದ್ದು ಕೇಳುವವನು ಕೆಟ್ಟ ಹಾಗೇ" ಎಂಬಲ್ಲಿಗೆ ಮುಟ್ಟುತ್ತದೆ. ಹಾಡಿನ ಮೇಲಿದ್ದ ತೀರ್ಪು ಹುಡುಗನ ಮೇಲೆ ಬೀಳುತ್ತದೆ. ಹುಡುಗನೂ ಕಡಿಮೆಯಲ್ಲ, ಅಪ್ಪನ ಹಳೆಯ ಕೊಂಕಣಿ ಹಾಡೆಂದರೆ ಅವನಿಗೆ ನಗು.

ಈ ಅಪ್ಪ ತಮ್ಮ ಅಪ್ಪನ ಕಾಲವನ್ನೊಮ್ಮೆ ನೆನೆಯಬೇಕು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡಿನಿಂದ ಜನರ ಅಭಿರುಚಿ ಕೆಡುತ್ತದೆ ಎಂಬ ನಂಬಿಕೆ. ಆಕಾಶವಾಣಿಯಿಂದ ಆ ಹಾಡುಗಳು ಮಾಯವಾದವು. ಜನ ಏನು ಮಾಡಿದರು? ರೇಡಿಯೋದ ಮುಳ್ಳನ್ನು ಸಿಲೋನ್ ಕಡೆ ತಿರುಗಿಸಿ, ಬುಧವಾರ ರಾತ್ರಿ ಬಿನಾಕಾ ಗೀತಮಾಲಾ ಕೇಳಿದರು! 1957ರಲ್ಲಿ ವಿವಿಧ ಭಾರತಿಯನ್ನು ಆರಂಭಿಸಿ ಆಕಾಶವಾಣಿಯೇ ಸಿನಿಮಾ ಹಾಡುಗಳಿಗೆ ಬಾಗಿಲು ತೆರೆಯಿತು. ಅಂದು ಅಭಿರುಚಿ ಕೆಡಿಸುತ್ತವೆ ಎನಿಸಿಕೊಂಡ ಹಾಡುಗಳನ್ನೇ ಇಂದು ನಾವು "ಹಾಡೆಂದರೆ ಆ ಕಾಲದ್ದು" ಎಂದು ಹೊಗಳುತ್ತೇವೆ.

ದೇವಾಲಯದೊಳಗಿನ ಸಂಗೀತವೂ ಒಂದೇ ತೆರನಾಗಿ ಉಳಿದಿಲ್ಲ. 1903ರಲ್ಲಿ ಹತ್ತನೇ ಪಿಯುಸ್ ಜಗದ್ಗುರುಗಳು ದೇವಾಲಯದಲ್ಲಿ ಪಿಯಾನೋ ಮತ್ತು ಡೋಲುಗಳನ್ನು ನಿಷೇಧಿಸಿದರು. ಗಾಯನ ವೃಂದಕ್ಕೆ ಮಹಿಳೆಯರನ್ನು ಸೇರಿಸಬಾರದು ಎಂದೂ ಆಜ್ಞಾಪಿಸಿದರು. ಈಗ ನಮ್ಮ ಗಾಯನ ವೃಂದಗಳಿಂದ ಹೆಣ್ಣುಮಕ್ಕಳನ್ನು ತೆಗೆದರೆ ಭಾನುವಾರದ ಪೂಜೆಯಲ್ಲಿ ಹಾಡುವವರು ಯಾರು? 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಆಯಾ ನಾಡಿನ ಸಂಗೀತ ಪರಂಪರೆಗೆ ಮನ್ನಣೆ ನೀಡಿತು. ಆರಾಧನೆಗೆ ಒಪ್ಪುವ ಬೇರೆ ವಾದ್ಯಗಳಿಗೂ ಅವಕಾಶ ಕೊಟ್ಟಿತು.

ನಮ್ಮ ಗುಮಟೆಯನ್ನೇ ನೋಡಿ. ಗೋವೆಯ ಕಥೋಲಿಕರ ಮಾಂಡೊ ಹಾಡಿಗೂ ಅದೇ ಮಣ್ಣಿನ ಗಡಿಗೆ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗಿಗೂ ಅದೇ. ಮೊದಲು ಉಡದ ಚರ್ಮ ಬಿಗಿಯುತ್ತಿದ್ದರು. ವನ್ಯಜೀವಿ ಕಾಯ್ದೆ ಬಂದ ಮೇಲೆ ಆಡಿನ ಚರ್ಮ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲೇ ಕಾಪಾಡಿಕೊಂಡು ಬಂದವರು. 2017ರಲ್ಲಿ ಪದ್ಮಶ್ರೀ ಪಡೆದ ಅವರು 2025ರಲ್ಲಿ ತೀರಿಕೊಂಡರು. ಸಾರಾಯಿಯ ವಿರುದ್ಧ ಊರ ಹೆಂಗಸರನ್ನು ಎಬ್ಬಿಸಿದವರೂ ಅವರೇ. ದೂರದಿಂದ ಬರೀ ಗುಮಟೆಯ ಸದ್ದು ಕೇಳಿ "ಕುಡಿದು ಕುಣಿಯುತ್ತಿದ್ದಾರೆ" ಎಂದುಕೊಂಡವರಿಗೆ ಅದು ತಿಳಿಯುವುದಾದರೂ ಹೇಗೆ?

ಹಾಗಾದರೆ ಯಾವ ಹಾಡನ್ನೂ ತಪ್ಪೆನ್ನಬಾರದೇ? ಅನ್ನಬೇಕು. ಹೆಣ್ಣನ್ನು ಹೀನವಾಗಿ ಕಾಣುವ ಪದಗಳಿದ್ದರೆ, ಇನ್ನೊಂದು ಜಾತಿ ಧರ್ಮದವರ ಮೇಲೆ ದ್ವೇಷ ಕೆರಳಿಸುವಂತಿದ್ದರೆ, ಅದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವುದು ಕಾನೂನಿಗೂ ವಿರುದ್ಧ, ನೆರೆಮನೆಯ ರೋಗಿಗೂ ಹಿಂಸೆ. (ನಮ್ಮ ಹಬ್ಬದ ಧ್ವನಿವರ್ಧಕಕ್ಕೂ ಈ ಮಾತು ಸಲ್ಲುತ್ತದೆ.) ಆದರೆ ತಾಳ ಜೋರಾಗಿದೆ, ಭಾಷೆ ನಮ್ಮದಲ್ಲ, ಹಾಡುವವನ ಕೂದಲು ಉದ್ದವಿದೆ ಎಂಬುದೆಲ್ಲ ಪಾಪದ ಪಟ್ಟಿಗೆ ಸೇರುವುದಿಲ್ಲ. ರೋಮಿನ ಕ್ರೈಸ್ತರು ಊಟದ ವಿಷಯಕ್ಕೆ ಜಗಳಾಡಿದಾಗ ಸಂತ ಪೌಲರು ಎರಡೂ ಕಡೆಯವರನ್ನು ತಡೆದರು: ತಿನ್ನುವವನು ತಿನ್ನದವನನ್ನು ಹೀಯಾಳಿಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು. ರೋಮನರಿಗೆ ಬರೆದ ಪತ್ರದ 14ನೇ ಅಧ್ಯಾಯವನ್ನು ಊಟದ ಬದಲು ಹಾಡೆಂದುಕೊಂಡು ಓದಿ ನೋಡಿ.

ಸಂತ ಅಗಸ್ಟೀನರು ತಮ್ಮ ಆತ್ಮಕಥೆಯ ಹತ್ತನೇ ಭಾಗದಲ್ಲಿ ಇದೇ ತೊಳಲಾಟವನ್ನು ತೋಡಿಕೊಂಡಿದ್ದಾರೆ. ದೇವಾಲಯದ ಗಾಯನ ಕೇಳಿ ಅತ್ತವರು ಅವರು. ಆದರೂ ಅರ್ಥಕ್ಕಿಂತ ರಾಗವೇ ತಮ್ಮನ್ನು ಸೆಳೆಯಿತೇ ಎಂಬ ಅಳುಕು. ಗಮನಿಸಿ, ಅವರು ಪರೀಕ್ಷಿಸಿದ್ದು ಪಕ್ಕದಲ್ಲಿ ಕುಳಿತವನ ಕಿವಿಯನ್ನಲ್ಲ, ತಮ್ಮದನ್ನು.

ಅಂಕೋಲೆಯ ಕಡೆಯ ಒಬ್ಬ ತಾಯಿ ಹೇಳಿದ್ದು: ಬೈದು ಬೈದು ಸಾಕಾಗಿ ಒಂದು ರಾತ್ರಿ ಮಗನ ಪಕ್ಕ ಕುಳಿತು, "ಆ ಹಾಡು ನನಗೂ ಕೇಳಿಸು, ಅರ್ಥ ಹೇಳು" ಎಂದರಂತೆ. ಹುಡುಗ ಮುಜುಗರಪಡುತ್ತಲೇ ಹೇಳಿದ. ಅರ್ಧ ಹಾಡು ಅವರಿಗೆ ಹಿಡಿಸಲಿಲ್ಲ, ಅದನ್ನೂ ಹೇಳಿದರು. ಆಮೇಲೆ ಅವನು, "ಅಮ್ಮಾ, ನೀನೊಂದು ಹಾಡು" ಎಂದ. ಮದುವೆ ಮನೆಯಲ್ಲಿ ಅಜ್ಜಿಯಿಂದ ಕಲಿತ ದುಲ್ಪೊದ್ ಒಂದನ್ನು ಹಾಡಿದರು. ಮಗ ಅದರ ಅರ್ಥ ಕೇಳಿದಾಗ ಮಾತ್ರ, ಒಲೆಯ ಮೇಲೆ ಸಾರು ಇದೆ ಎಂದು ಎದ್ದು ಹೋದರಂತೆ.