ಗಂಟಲಿನ ಕ್ಯಾನ್ಸರ್ ಚಿಕಿತ್ಸೆಯ ನಂತರ ಧ್ವನಿ ಮತ್ತು ಬದುಕು

ಕ್ಯಾನ್ಸರ್ ಗುಣವಾದೊಡನೆ ರೋಗಿಯ ಕಷ್ಟಗಳೆಲ್ಲ ತೀರಿದವೆಂದು ಬಹುಮಂದಿ ಭಾವಿಸುತ್ತಾರೆ. ಬಾಯಿ, ಗಂಟಲು ಹಾಗೂ ಧ್ವನಿಪೆಟ್ಟಿಗೆಯ ಕ್ಯಾನ್ಸರಿನಲ್ಲಿ ಹಾಗಾಗುವುದಿಲ್ಲ. ಜೀವ ಉಳಿದ ಮೇಲೆ ಮಾತನ್ನು ಮರಳಿ ಪಡೆಯುವ ಪ್ರಯತ್ನ ಆರಂಭವಾಗುತ್ತದೆ. ಈ ಪ್ರಯತ್ನದಲ್ಲಿ ವೈದ್ಯರಷ್ಟೇ ಅಲ್ಲದೆ ಮನೆಯವರೂ ಪಾಲ್ಗೊಳ್ಳಬೇಕಾಗುತ್ತದೆ.

ಧ್ವನಿ ಏಕೆ ಕೆಡುತ್ತದೆ?

ಶ್ವಾಸಕೋಶದಿಂದ ಹೊರಬರುವ ಗಾಳಿ ಧ್ವನಿಪೆಟ್ಟಿಗೆಯಲ್ಲಿರುವ ಧ್ವನಿತಂತುಗಳನ್ನು ಕಂಪಿಸಿದಾಗ ಧ್ವನಿ ಹುಟ್ಟುತ್ತದೆ. ನಾಲಿಗೆ, ತುಟಿ ಮತ್ತು ಹಲ್ಲುಗಳು ಅದಕ್ಕೆ ಮಾತಿನ ರೂಪ ಕೊಡುತ್ತವೆ. ರೋಗವು ಆರಂಭದ ಹಂತದಲ್ಲಿದ್ದರೆ ವಿಕಿರಣ ಚಿಕಿತ್ಸೆಯಿಂದ ಧ್ವನಿಪೆಟ್ಟಿಗೆಯನ್ನು ಉಳಿಸಲು ಸಾಧ್ಯ. ಆದರೂ ಬಾಯಿ ಒಣಗುವುದು, ಧ್ವನಿ ಒಡೆಯುವುದು, ಮಾತನಾಡಿದರೆ ಬೇಗನೆ ದಣಿವಾಗುವುದು, ನುಂಗಲು ಕಷ್ಟವಾಗುವುದು ಮುಂತಾದ ತೊಂದರೆಗಳು ಬಹುಕಾಲ ಉಳಿಯಬಹುದು.

ರೋಗ ಮುಂದುವರಿದಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಕ್ಯಾನ್ಸರಿಗಾಗಿ ಇಂತಹ ಶಸ್ತ್ರಕ್ರಿಯೆಯನ್ನು ಮೊದಲಿಗೆ 1873ರಲ್ಲಿ ವಿಯೆನ್ನಾದ ಥಿಯೋಡರ್ ಬಿಲ್‌ರಾತ್ ನಡೆಸಿದರು. ಇದಾದ ಮೇಲೆ ರೋಗಿಯು ಕುತ್ತಿಗೆಯ ಮುಂಭಾಗದ ರಂಧ್ರದ ಮೂಲಕವೇ ಉಸಿರಾಡುತ್ತಾನೆ. ಗಾಳಿ ಮೂಗು, ಬಾಯಿಗಳನ್ನು ಹಾಯುವುದಿಲ್ಲ. ಆದುದರಿಂದ ಸಹಜ ಧ್ವನಿ ಇಲ್ಲವಾಗುತ್ತದೆ, ವಾಸನೆಯ ಅರಿವೂ ಕುಗ್ಗುತ್ತದೆ.

ಮಾತು ಮರಳುವ ಮೂರು ಮಾರ್ಗಗಳು

ಮೊದಲನೆಯದು ಅನ್ನನಾಳದ ಮಾತು. ಗಾಳಿಯನ್ನು ಅನ್ನನಾಳಕ್ಕೆ ಎಳೆದು, ತೇಗಿನಂತೆ ಹೊರಬಿಟ್ಟು ಧ್ವನಿ ಮಾಡುವುದನ್ನು ಕಲಿಯಬೇಕು. ಇದಕ್ಕೆ ಉಪಕರಣ ಬೇಡ. ಆದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಎರಡನೆಯದು ಬ್ಯಾಟರಿಯಿಂದ ನಡೆಯುವ ಕೃತಕ ಧ್ವನಿಯಂತ್ರ. ಇದನ್ನು ಕುತ್ತಿಗೆಗೆ ಒತ್ತಿ ಹಿಡಿದು ಮಾತನಾಡಬಹುದು. ಧ್ವನಿ ಮಾತ್ರ ಯಾಂತ್ರಿಕವಾಗಿರುತ್ತದೆ. ಮೂರನೆಯದು ಶ್ವಾಸನಾಳ ಮತ್ತು ಅನ್ನನಾಳಗಳ ನಡುವೆ ಅಳವಡಿಸುವ ಸಿಲಿಕೋನ್ ಕವಾಟ. ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟಾಗ ಗಾಳಿ ಕವಾಟದ ಮೂಲಕ ಹಾಯ್ದು ಗಂಟಲಿನ ಭಿತ್ತಿಯನ್ನು ಕಂಪಿಸುತ್ತದೆ. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಮತ್ತು ಉದ್ಯಮಿ ಶಶಾಂಕ್ ಮಹೇಶ್ ಅವರು 2010ರ ದಶಕದಲ್ಲಿ 'ಓಂ' ಎಂಬ ಅಲ್ಪ ವೆಚ್ಚದ ಕವಾಟವನ್ನು ರೂಪಿಸಿದರು. ಕವಾಟವನ್ನು ದಿನವೂ ಶುಚಿಗೊಳಿಸಬೇಕು. ನೀರು ಕುಡಿದಾಗ ಕೆಮ್ಮು ಬಂದರೆ ಅದು ಸೋರುತ್ತಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮಾತೃಭಾಷೆಯಲ್ಲಿ ಅಭ್ಯಾಸ

ಹೊಸ ಧ್ವನಿಯಲ್ಲಿ ಕೆಲವು ಅಕ್ಷರಗಳು ಒಂದರಂತೆ ಇನ್ನೊಂದು ಕೇಳಿಸುತ್ತವೆ. 'ಕುರಿ' ಎಂದದ್ದು 'ಗುರಿ' ಎಂದೂ, 'ಪಟ್ಟೆ' ಎಂದದ್ದು 'ಬಟ್ಟೆ' ಎಂದೂ ಕೇಳಿಸಬಹುದು. ಪರಭಾಷೆಯ ನಗರಗಳಲ್ಲಿ ಕನ್ನಡ ಬಲ್ಲ ವಾಕ್ ಚಿಕಿತ್ಸಕರು ದೊರೆಯದಿರಬಹುದು. ಆಗ ಮನೆಯವರು ಚಿಕಿತ್ಸಕರಿಂದ ವಿಧಾನವನ್ನು ತಿಳಿದುಕೊಂಡು, ಇಂತಹ ಜೋಡಿಪದಗಳನ್ನು ದಿನವೂ ಕನ್ನಡದಲ್ಲೇ ಅಭ್ಯಾಸ ಮಾಡಿಸುವುದು ಒಳ್ಳೆಯದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹಾಗೂ ಮುಂಬಯಿಯ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಈ ಕ್ಷೇತ್ರದ ಕೇಂದ್ರ ಸರ್ಕಾರದ ಸಂಸ್ಥೆಗಳು.

ಮನೆಯವರ ಹೊಣೆ

ಮಾತು ಅರ್ಥವಾಗದಿದ್ದರೆ ರೋಗಿಯು ಫೋನನ್ನು ತೆಗೆದುಕೊಳ್ಳುವುದಿಲ್ಲ, ನೆಂಟರ ಮನೆಗೆ ಹೋಗುವುದಿಲ್ಲ, ಕ್ರಮೇಣ ಮೌನಕ್ಕೆ ಶರಣಾಗುತ್ತಾನೆ. ಆತನ ಪರವಾಗಿ ಎಲ್ಲವನ್ನೂ ತಾವೇ ಮಾತನಾಡುವುದು ಪ್ರೀತಿಯಂತೆ ಕಂಡರೂ ಉಪಕಾರವಲ್ಲ. ಎದುರು ಕುಳಿತು, ಟಿ.ವಿ. ಆರಿಸಿ, ಮಾತು ಮುಗಿಯುವವರೆಗೆ ಕಾಯಬೇಕು. ಅರ್ಥವಾಗದಿದ್ದರೆ ಅರ್ಥವಾದಂತೆ ನಟಿಸದೆ ಮತ್ತೊಮ್ಮೆ ಕೇಳಬೇಕು.

ಕುತ್ತಿಗೆಯ ರಂಧ್ರಕ್ಕೆ ತೆಳುಬಟ್ಟೆಯ ಹೊದಿಕೆ ಇರಲಿ; ಸ್ನಾನದಲ್ಲಿ ನೀರು ಒಳಸೇರದಂತೆ ಎಚ್ಚರ ವಹಿಸಬೇಕು. ಕೆರೆ, ಹೊಳೆಗಳಿಗೆ ಇಳಿಯಬಾರದು. ತುರ್ತು ಸಮಯದಲ್ಲಿ ಉಸಿರು ಕೊಡಬೇಕಾದುದು ಬಾಯಿಗಲ್ಲ, ಕುತ್ತಿಗೆಯ ರಂಧ್ರಕ್ಕೆ ಎಂದು ಬರೆದ ಚೀಟಿ ರೋಗಿಯ ಜೇಬಿನಲ್ಲಿರಬೇಕು.

ಬೀಡಿ, ಸಿಗರೇಟು ಮತ್ತು ಮದ್ಯಪಾನ ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಮುಖ್ಯ ಕಾರಣಗಳು. ಗುಟ್ಕಾ, ಜರ್ದಾಗಳು ಬಾಯಿಯ ಕ್ಯಾನ್ಸರಿಗೆ ದಾರಿಮಾಡುತ್ತವೆ. ಚಿಕಿತ್ಸೆಯ ನಂತರವೂ ಇವುಗಳನ್ನು ಮುಟ್ಟಬಾರದು. ಧ್ವನಿ ಒಡೆದು ಮೂರು ವಾರಗಳಾದರೂ ಸರಿಹೋಗದಿದ್ದರೆ ಗಂಟಲಿನ ತಜ್ಞರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬೇಗ ಪತ್ತೆಯಾದ ರೋಗದಲ್ಲಿ ಜೀವದೊಡನೆ ಧ್ವನಿಯನ್ನೂ ಉಳಿಸಿಕೊಳ್ಳುವ ಅವಕಾಶ ಹೆಚ್ಚು.