ಎರಡನ್ನೂ ಒಟ್ಟಿಗೆ ಹಾಕಿ ನೋಡು

ವೈರ್‌ಮನ್ ಪರ್ಮಿಟ್ ಕೈಗೆ ಬಂದ ಮೇಲೆ ನಿನಗೆ ಸಿಕ್ಕಿದ ಮೊದಲ ಸ್ವಂತ ಕೆಲಸ ಅಂಗಳದ ಸೆನ್ಸರ್ ದೀಪ ಅಂದೆ. 'ಮೂರು ವಯರ್ ಅಷ್ಟೇ ಅಲ್ವಾ ಮಾವ' ಅಂತ ನಕ್ಕೆ. ಹೌದು ಮಾರಾಯ, ಮೂರೇ. ಇಪ್ಪತ್ತು ವರ್ಷ ಕೆಲಸ ಮಾಡಿದ ಮೇಲೂ ನಾನು ಮಾನ ಕಳಕೊಂಡದ್ದು ಅದೇ ಮೂರು ವಯರಿನಲ್ಲಿ. ಆ ಕತೆಗೆ ಆಮೇಲೆ ಬರುತ್ತೇನೆ.

ಏಣಿ ಇಡುವ ಮೊದಲು ಆ ಮನೆಯವರು ರಾತ್ರಿ ಅಂಗಳದಲ್ಲಿ ಏನು ಮಾಡುತ್ತಾರೆ ಅಂತ ಕೇಳು. ಸೆನ್ಸರಿನೊಳಗೆ ಇರುವುದು ಕಣ್ಣಲ್ಲ. ಮೈಯಿಂದ ಹೊರಡುವ ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದದ್ದು ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಮುಂದಿರುವ ಬಿಳಿ ಪ್ಲಾಸ್ಟಿಕ್ ಗುಮ್ಮಟ ಅಂಗಳವನ್ನು ಬೀಸಣಿಗೆಯ ಕಡ್ಡಿಗಳ ಹಾಗೆ ಪಟ್ಟಿ ಪಟ್ಟಿಯಾಗಿ ಸೀಳುತ್ತದೆ. ಪಟ್ಟಿಗೆ ಅಡ್ಡ ನಡೆದವನು ಕೂಡಲೇ ಸಿಕ್ಕಿಬೀಳುತ್ತಾನೆ, ನೇರ ಎದುರಿಗೆ ಬಂದವನು ತೀರ ಹತ್ತಿರವಾಗುವ ತನಕ ಸಿಗದೇ ಇರಬಹುದು. ಹಾಗಾಗಿ ದಣಪೆಗೆ ಮುಖ ಮಾಡಿ ಕೂರಿಸಬೇಡ, ದಾರಿಗೆ ಅಡ್ಡಲಾಗಿ ನೋಡುವಂತೆ ಏಳೆಂಟು ಅಡಿ ಎತ್ತರದಲ್ಲಿ ಕೂರಿಸು. ಬಚ್ಚಲ ಒಲೆಯ ಹೊಗೆಗಂಡಿಯ ಕಡೆಗಂತೂ ತಿರುಗಿಸಲೇಬೇಡ. ಕಡು ಬೇಸಗೆಯಲ್ಲಿ ಗಾಳಿಯೂ ಮೈಯಷ್ಟೇ ಬಿಸಿಯಾದಾಗ ಅದು ಸ್ವಲ್ಪ ಮಂಕಾಗುತ್ತದೆ, ಅದಕ್ಕೆ ನೀನೇನೂ ಮಾಡಲಾರೆ.

ಇನ್ನು ಕೊಯ್ಲಿನ ಕಾಲ. ಹೆಂಗಸರು ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಆಡುವುದು ಎರಡು ಕೈ ಮಾತ್ರ. ದೂರದ ಗೋಡೆಯ ಮೇಲಿನ ಸೆನ್ಸರಿಗೆ ಅಲ್ಲಿ ಯಾರೂ ಇಲ್ಲ! ಮೂರು ನಿಮಿಷಕ್ಕೊಮ್ಮೆ ದೀಪ ಆರಿ, ಯಾರಾದರೂ ಎದ್ದು ಕೈ ಬೀಸಿ, ಮತ್ತೆ ಕೂತು... ಹರಿತದ ಕತ್ತಿಯ ಮುಂದೆ ಈ ಆಟ ಬೇಡ. ಕೈಯಲ್ಲೇ ಹತ್ತಿಸುವ ಸ್ವಿಚ್ ಕೊಡು ಅಂತ ನಾನು ಹಟ ಹಿಡಿಯುವುದು ಇದಕ್ಕೇ. 'ಸೆನ್ಸರ್ ಇರುವಾಗ ಸ್ವಿಚ್ ಯಾಕೆ' ಅಂತ ಯಜಮಾನರು ಕೇಳಿಯೇ ಕೇಳುತ್ತಾರೆ. ಸುಲಿಯಲು ಕೂರುವವರು ಅವರಲ್ಲವಲ್ಲ.

ಸಂಪರ್ಕ ಸರಳ. ಸೆನ್ಸರಿಗೆ ಫೇಸ್, ನ್ಯೂಟ್ರಲ್. ಅದರಿಂದ ದೀಪಕ್ಕೆ ಹೋಗುವ ಮೂರನೆಯದು ಲೋಡ್. ನಿನ್ನ ಸ್ವಿಚ್ಚು ಸೆನ್ಸರಿನೊಳಗೆ ಹಾಯದೆ, ಫೇಸಿನಿಂದ ಸೀದಾ ಲೋಡ್ ವಯರಿಗೆ ಹೋಗಬೇಕು. ಸ್ವಿಚ್ ಹಾಕಿದರೆ ದೀಪ ಹತ್ತಿಯೇ ಇರುತ್ತದೆ, ತೆಗೆದರೆ ಕಾರುಬಾರು ಸೆನ್ಸರಿನದು.

ಬಣ್ಣ ನಂಬಿ ಮಾತ್ರ ಕೆಡಬೇಡ. ನಮ್ಮಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಪೆಟ್ಟಿಗೆಯೊಳಗೆ ಬರುವ ಎಷ್ಟೋ ಸೆನ್ಸರುಗಳಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್, ಕೆಂಪು ದೀಪಕ್ಕೆ. ನೀಲಿಗೆ ನೀಲಿ, ಕೆಂಪಿಗೆ ಕೆಂಪು ಅಂತ ಜೋಡಿ ಮಾಡಿದೆಯೋ, ಮುಗಿಯಿತು. ಹಳೇ ಮನೆಯ ಬೋರ್ಡಿನಲ್ಲಿ ನ್ಯೂಟ್ರಲ್ ಸಿಗದಿದ್ದರೆ ಹೊಸ ವಯರ್ ಎಳೆ. ಅರ್ತ್ ವಯರನ್ನೇ ನ್ಯೂಟ್ರಲ್ ಮಾಡುವ ಜಾಣರನ್ನು ನಾನು ಕಂಡಿದ್ದೇನೆ; ಅಂಥವರ ಜೊತೆ ಕೆಲಸಕ್ಕೆ ಹೋಗಬೇಡ.

ಈಗ ಕತೆ. ದೊಡ್ಡ ಮನೆ, ತ್ರೀಫೇಸ್ ಮೀಟರು. ಸೆನ್ಸರಿಗೆ ಜಗಲಿಯ ಬೋರ್ಡಿನಿಂದ ಫೇಸ್ ಕೊಟ್ಟೆ. ಸ್ವಿಚ್ಚು ಹಿತ್ತಿಲ ಬಾಗಿಲ ಹತ್ತಿರ ಬೇಕು ಅಂದರು ಆ ಮನೆಯ ಅಮ್ಮ. ಅಲ್ಲೇ ಅಡುಗೆಮನೆಯ ಬೋರ್ಡಿತ್ತು. ಫೇಸ್ ಅದರಿಂದಲೇ ತೆಗೆದೆ, ಹತ್ತು ಮೀಟರ್ ವಯರ್ ಉಳಿಯಿತಲ್ಲ ಅಂತ ಖುಷಿ ಬೇರೆ. ಹಗಲಲ್ಲಿ ಸ್ವಿಚ್ ಹಾಕಿದೆ, ಹತ್ತಿತು. ತೆಗೆದೆ. ಸೆನ್ಸರ್ ಹಗಲಲ್ಲೂ ಕೆಲಸ ಮಾಡಲೆಂದು ಅದರ ಲಕ್ಸ್ ತಿರುಪನ್ನು ಸೂರ್ಯನ ಗುರುತಿಗೆ ತಿರುಗಿಸಿ ಮುಂದೆ ಓಡಾಡಿದೆ, ಆಗಲೂ ಹತ್ತಿತು. ತಿರುಪನ್ನು ಚಂದ್ರನ ಗುರುತಿಗೆ ತಂದು, ದುಡ್ಡು ಎಣಿಸಿಕೊಂಡು ಮನೆಗೆ ಬಂದೆ.

ಮೂರನೇ ರಾತ್ರಿ ಅವರ ಹಸು ಕರು ಹಾಕುವುದರಲ್ಲಿತ್ತು. ಅಮ್ಮ ಸ್ವಿಚ್ ಹಾಕಿ ಬಿಸಿನೀರಿನ ಬಕೆಟ್ ಹಿಡಿದು ಅಂಗಳಕ್ಕೆ ಇಳಿದರು. ಸೆನ್ಸರ್ ಅವರನ್ನು ಕಂಡಿತು. ಒಳಗಿನ ರಿಲೇ ಕೂಡಿತು. ಒಂದು ಕಡೆಯಿಂದ ಜಗಲಿಯ ಕೆಂಪು ಫೇಸು, ಇನ್ನೊಂದು ಕಡೆಯಿಂದ ಅಡುಗೆಮನೆಯ ಹಳದಿ. ನಡುವೆ 400 ವೋಲ್ಟ್, ತಡೆಯಲು ಏನೂ ಇಲ್ಲ. ಕೋವಿ ಹೊಡೆದಂಥ ಸದ್ದು, ಮನೆಯೆಲ್ಲ ಕತ್ತಲೆ, ಸೆನ್ಸರ್ ಕರಕಲು. ಪುಣ್ಯಕ್ಕೆ ಬಿಸಿನೀರು ಅವರ ಕಾಲ ಮೇಲೆ ಬೀಳಲಿಲ್ಲ. ಕರು ಚಿಮಣಿ ದೀಪದಲ್ಲಿ ಹುಟ್ಟಿತು. ಮರುದಿನ ಹೋದಾಗ ಅವರು ಬೈಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಎರಡನ್ನೂ ಬೇರೆ ಬೇರೆ ನೋಡಿದ್ದೆ, ಒಟ್ಟಿಗೆ ನೋಡಿರಲಿಲ್ಲ. ನೀನು ಜೋಡಿಸುವ ಮೊದಲೇ ಸೆನ್ಸರಿಗೆ ಹೋಗುವ ಫೇಸು, ಸ್ವಿಚ್ಚಿಗೆ ಹೋಗುವ ಫೇಸು ಇವೆರಡರ ನಡುವೆ ಮೀಟರ್ ಹಿಡಿ. ಸೊನ್ನೆ ಬರಬೇಕು. ಟೆಸ್ಟರಿನ ನಿಯಾನ್ ಎರಡು ಕಡೆಯೂ ಒಂದೇ ಥರ ಮಿನುಗುತ್ತದೆ, ಅದು ಯಾವ ಫೇಸು ಅಂತ ಹೇಳುವುದಿಲ್ಲ. ಸೊನ್ನೆ ಬಂದರೂ ಸಾಲದು, ಎರಡೂ ಒಂದೇ ಎಂಸಿಬಿಯಿಂದ ಹೊರಟಿರಬೇಕು. ಇಲ್ಲವಾದರೆ ನಾಳೆ ಯಾರೋ ಒಂದನ್ನು ಇಳಿಸಿ 'ಕರೆಂಟಿಲ್ಲ' ಅಂದುಕೊಂಡು ದೀಪಕ್ಕೆ ಕೈ ಹಾಕಿದಾಗ ಸ್ವಿಚ್ಚಿನ ದಾರಿಯಿಂದ ಬಂದು ಹೊಡೆಯುತ್ತದೆ. ನ್ಯೂಟ್ರಲ್ ಕೂಡ ಅದೇ ಸರ್ಕಿಟ್ಟಿನದೇ ಇರಲಿ. ಕೊನೆಗೆ ಕತ್ತಲಾದ ಮೇಲೆ ಸ್ವಿಚ್ ಹಾಕಿಯೇ ಅಂಗಳದಲ್ಲಿ ಒಮ್ಮೆ ನಡೆದು ನೋಡಿ ಬಾ.

ಬೇರೆ ಸ್ವಿಚ್ಚೇ ಬೇಡ, ಬೇಗ ಎರಡು ಸಲ ಆಫ್ ಆನ್ ಮಾಡಿದರೆ ದೀಪ ಕಾಯಂ ಹತ್ತಿರುತ್ತದೆ ಅನ್ನುವ ಸೆನ್ಸರುಗಳೂ ಇವೆ. ನಮ್ಮ ಮಳೆಗಾಲದಲ್ಲಿ ಕರೆಂಟು ರೆಪ್ಪೆ ಬಡಿದಷ್ಟು ಹೊತ್ತಿನಲ್ಲಿ ಹೋಗಿ ಬರುತ್ತದೆ. ಅದನ್ನೇ ಅಪ್ಪಣೆ ಅಂದುಕೊಂಡು ಬೆಳಗಿನ ತನಕ ಉರಿಯುತ್ತವೆ. ಬೇರೆ ಸ್ವಿಚ್ಚೇ ಸೈ.

ವಯರನ್ನು ಪೆಟ್ಟಿಗೆಯ ಅಡಿಯಿಂದ ಒಳಗೆ ಬಿಡು. ಅದಕ್ಕೂ ಮೊದಲು ಕೆಳಗೊಂದು ಬಾಗು ಕೊಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕಿಹೋಗುತ್ತದೆ. ಉಳಿದ ತೂತು ಮುಚ್ಚು, ಇರುವೆ ರಿಲೇಯೊಳಗೆ ಸಂಸಾರ ಹೂಡುತ್ತದೆ.

ನಾಳೆ ಹೋಗುವಾಗ ಇತ್ತ ಬಂದು ಹೋಗು. ನನ್ನ ಮೀಟರಿಗೆ ಹೊಸ ಬ್ಯಾಟರಿ ಹಾಕಿಟ್ಟಿದ್ದೇನೆ.